ತಿರುವಿನಲ್ಲಿ ಬಾಲ ಬೀಸುವ ಟ್ರಕ್: ಡಿಫ್ ಆಯಿಲ್ ಬದಲಿಸಲಾ?

ಕೆಂಗೇರಿ ಧೂಳು:
ನಮಸ್ಕಾರ. ನನ್ನದು 1/10 ಅಳತೆಯ ರಿಮೋಟ್ ಕಂಟ್ರೋಲ್ ಗಾಡಿ, ಹಿಂದಿನ ಚಕ್ರ ಮಾತ್ರ ಓಡಿಸುವ ಟೂ ವೀಲ್ ಡ್ರೈವ್ ಶಾರ್ಟ್ ಕೋರ್ಸ್ ಟ್ರಕ್, 3500 ಕೆವಿ (ವೋಲ್ಟ್‌ಗೆ ನಿಮಿಷಕ್ಕೆ 3500 ಸುತ್ತು) ಬ್ರಷ್‌ಲೆಸ್ ಮೋಟಾರ್. ಕೆಂಗೇರಿ ಕಡೆ ಇನ್ನೂ ಮನೆಗಳು ಏಳದ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಓಡಿಸುತ್ತೇನೆ. ಗಟ್ಟಿ ಕೆಂಪು ಮಣ್ಣು, ಮೇಲೆ ರಾಗಿ ಹಿಟ್ಟಿನಂಥ ಧೂಳು. ಹೋದ ತಿಂಗಳು 2ಎಸ್ (ಎರಡು ಸೆಲ್‌ನ) ಬ್ಯಾಟರಿ ಬಿಟ್ಟು 3ಎಸ್ (ಮೂರು ಸೆಲ್‌ನದು) ಹಾಕಿದೆ. ಪಿನಿಯನ್, ಅಂದರೆ ಮೋಟಾರಿನ ಪುಟ್ಟ ಗೇರ್, 19 ಹಲ್ಲಿನದು ತೆಗೆದು 23ರದು ಕೂರಿಸಿದೆ. ಈಗ ತಿರುವಿನಿಂದ ಹೊರಬರುವಾಗ ಥ್ರಾಟಲ್ ಒತ್ತಿದರೆ ಸಾಕು, ಗಾಡಿ ಗಿರ್ರನೆ ತಿರುಗಿ ನನ್ನ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ಹಿಂದಿನ ಡಿಫ್‌ಗೆ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರ್) ಗಟ್ಟಿ ಆಯಿಲ್ ಹಾಕು ಅಂತ ಗೆಳೆಯ ಹೇಳುತ್ತಿದ್ದಾನೆ. ಹಾಕಲಾ?

ಪಿನಿಯನ್ ಗೌಡ:
ಕಣ್ಣು ಮುಚ್ಚಿ ಹಾಕಿ. ತೆಳು ಆಯಿಲ್ ಇದ್ದರೆ ತಿರುವಿನ ಒಳಗಿನ ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ನಾನು 10,000 ಸಿಎಸ್‌ಟಿಯದು (ಆಯಿಲ್ ಎಷ್ಟು ಗಟ್ಟಿ ಅನ್ನೋ ಅಳತೆ) ಹಾಕಿದ ಮೇಲೆ ಗಾಡಿ ಬಾಣದ ಹಾಗೆ ಹೊರಡುತ್ತೆ.

ಸ್ಕ್ರೂಡ್ರೈವರ್ ಸುಮಾ:
ಗೌಡ್ರೇ, ನೀವು ಓಡಿಸೋದು ಸಿಮೆಂಟ್ ನೆಲದ ಮೇಲೆ ಅಲ್ವಾ? ಅಲ್ಲಿ ಟೈರ್ ಕಚ್ಚಿ ಹಿಡಿಯುತ್ತದೆ, ಗಟ್ಟಿ ಆಯಿಲ್ ನಡೆಯುತ್ತದೆ. ಧೂಳಿನಲ್ಲಿ ಹಾಗಲ್ಲ. ಡಿಫ್ ಗಟ್ಟಿಯಾದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಡುತ್ತವೆ. ಒಂದು ಜಾರಿದರೆ ಇನ್ನೊಂದಾದರೂ ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಎರಡೂ ಕೈಬಿಟ್ಟರೆ ಬಾಲ ಬೀಸದೆ ಇನ್ನೇನು ಮಾಡುತ್ತದೆ?

ಕೆಂಗೇರಿಯವರೇ, ಮೊದಲು ನಿಮ್ಮ ಡಿಫ್ ಸೀಲ್ ಇರುವಂಥದ್ದಾ ನೋಡಿ. ಗ್ರೀಸ್‌ಗೆ ಅಂತಲೇ ಮಾಡಿದ ಡಿಫ್‌ಗೆ ಆಯಿಲ್ ಸುರಿದರೆ, ಎರಡು ಬ್ಯಾಟರಿ ಮುಗಿಯುವಷ್ಟರಲ್ಲಿ ಅದು ಗೇರ್‌ಬಾಕ್ಸ್ ತುಂಬ ಹರಡಿರುತ್ತದೆ. ನನಗೆ ಆಗಿದೆ. ಒಂದಿಡೀ ಸಂಜೆ ಟೂತ್ ಬ್ರಷ್ ಹಿಡಿದು ಕೂತಿದ್ದೆ.

ಎಚ್‌ಎಸ್‌ಆರ್ ಹುಡುಗ:
ಇಷ್ಟೆಲ್ಲ ಯಾಕೆ ಗುರು? ಗೈರೋ ಇರೋ ರಿಸೀವರ್ ಹಾಕು. ಬಾಲ ಹೋದ ಕಡೆ ಅದೇ ಸ್ಟೀರಿಂಗ್ ತಿರುಗಿಸಿಕೊಳ್ಳುತ್ತೆ.

ಸ್ಕ್ರೂಡ್ರೈವರ್ ಸುಮಾ:
ಜ್ವರ ಬಂದವರಿಗೆ ಕಂಬಳಿ ಹೊದಿಸಿದ ಹಾಗೆ. ರೋಗ ಒಳಗೇ ಇರುತ್ತೆ.

ರಾಜಾಜಿನಗರದ ಮಾವ:
ಡಿಫ್ ಆಮೇಲೆ. ಮೊದಲು ಲೆಕ್ಕ ನೋಡಿ. 2ಎಸ್ ಅಂದರೆ 7.4 ವೋಲ್ಟ್, 3ಎಸ್ ಅಂದರೆ 11.1. ಮೋಟಾರಿನ ಸುತ್ತು ಅಲ್ಲೇ ಒಂದೂವರೆ ಪಟ್ಟು. ಅದರ ಮೇಲೆ 19 ಹಲ್ಲು ಹೋಗಿ 23 ಬಂತು. ಎರಡೂ ಸೇರಿ ಲೆಕ್ಕದಲ್ಲಿ ಚಕ್ರದ ವೇಗ ಸುಮಾರು 1.8 ಪಟ್ಟು ಆಯಿತು. ವೋಲ್ಟ್ ಏರಿಸಿದಾಗ ಪಿನಿಯನ್ ಇಳಿಸಬೇಕು, ನೀವು ಅದನ್ನೂ ಏರಿಸಿದ್ದೀರಿ. ಐದು ನಿಮಿಷ ಓಡಿಸಿ ಮೋಟಾರ್ ಮುಟ್ಟಿ. ಮೂರು ಎಣಿಸುವಷ್ಟು ಹೊತ್ತು ಬೆರಳು ನಿಲ್ಲದಿದ್ದರೆ ಮೋಟಾರಿಗೆ ಆಯಸ್ಸು ಕಮ್ಮಿ.

19ರದನ್ನೇ ವಾಪಸ್ ಹಾಕಿ. ಹಾಕುವಾಗ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗೇರ್ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿ ಮಾಡಿ, ಆಮೇಲೆ ಪಟ್ಟಿ ಎಳೆಯಿರಿ. ಸರಿಯಾದ ಸಂದು ಅಷ್ಟೇ.

ಒಂದು ಪ್ರಶ್ನೆ. ಎಡಕ್ಕೆ ತಿರುಗುವಾಗಲೂ ಬಲಕ್ಕೆ ತಿರುಗುವಾಗಲೂ ಹೀಗೇ ಆಗುತ್ತದಾ?

ನೈಟ್ರೋ ಪ್ರೇಮಿ:
ಬ್ಯಾಟರಿ ಗಾಡಿಯವರ ಗೋಳು ಓದಿ ನಗು ಬರುತ್ತಿದೆ. ನೈಟ್ರೋ ಇಂಧನದ ಎಂಜಿನ್ ಗಾಡಿಯವರಾದ ನಮಗೆ ಊರು ಬದಲಾದರೂ ಕೆಲಸ. ಮಂಗಳೂರಿನಲ್ಲಿ ಟ್ಯೂನ್ ಮಾಡಿ ತಂದ ಎಂಜಿನ್ ಇಲ್ಲಿ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಇಂಧನ ಜಾಸ್ತಿಯಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿ ತೆಳು. ಇಂಧನ ಕಮ್ಮಿ ಮಾಡಲು ನೀಡಲ್ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಬೇಕು. ಆ ಮಜಾ ನಿಮಗೆಲ್ಲಿ?

ಪಿನಿಯನ್ ಗೌಡ:
ನಿಮ್ಮ ಮಜಾ ಮೂರು ಬೀದಿಗೆ ಕೇಳಿಸುತ್ತೆ ಸಾರ್.

ಕೆಂಗೇರಿ ಧೂಳು:
ಮಾವ, ನೀವು ಕೇಳಿದ ಮೇಲೆ ತಮ್ಮನ ಕೈಗೆ ಫೋನ್ ಕೊಟ್ಟು ವಿಡಿಯೋ ತೆಗೆಸಿ ನೋಡಿದೆ. ಪಿನಿಯನ್ 19ಕ್ಕೆ ಇಳಿಸಿದೆ, 3ಎಸ್ ಹಾಗೇ ಇದೆ. ಬಲ ತಿರುವಿನಲ್ಲಿ ಸ್ವಲ್ಪ ಜಾರಿ ಹಿಡಿದುಕೊಳ್ಳುತ್ತದೆ. ಪೂರ್ತಿ ಸುತ್ತುವುದು ಎಡಕ್ಕೆ ತಿರುಗುವಾಗ ಮಾತ್ರ.

ರಾಜಾಜಿನಗರದ ಮಾವ:
ಹಾಗಾದರೆ ಡಿಫ್ ಅಲ್ಲ. ಅದಕ್ಕೆ ಎಡ ಬಲ ಗೊತ್ತಿಲ್ಲ. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಬೀಳುತ್ತದೆ. ಹಿಂದಿನ ಬಲಗಡೆ ಹುಡುಕಿ. ಟೈರ್ ರಿಮ್‌ನಿಂದ ಅಂಟು ಬಿಟ್ಟಿದೆಯಾ? ಚಕ್ರ ಹಿಡಿದಿರುವ ಆರ್ಮ್ ಬಗ್ಗಿದೆಯಾ? ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಕೆಳಗಿನ ಸ್ಕ್ರೂ ಬಿಚ್ಚಿ, ಸ್ಪ್ರಿಂಗ್ ತೆಗೆದು, ಕೈಯಲ್ಲಿ ಒತ್ತಿ ನೋಡಿ.

ಕೆಂಗೇರಿ ಧೂಳು:
ಸಿಕ್ಕಿತು! ಗಾಡಿಯನ್ನು ಹಳೇ ಪೇಪರ್ ಮೇಲೆ ನಿಲ್ಲಿಸಿಟ್ಟಿದ್ದೆ. ಎತ್ತಿದರೆ ಹಿಂದಿನ ಬಲ ಚಕ್ರದ ಪಕ್ಕ, ಚಿನ್ನದಂಗಡಿ ಜಾಹೀರಾತಿನ ಮೇಲೆ, ಎಂಟಾಣೆ ಅಗಲದ ಎಣ್ಣೆ ಕಲೆ. ಎಡ ಶಾಕ್ ಒತ್ತಿದರೆ ಸಮನಾಗಿ, ತಡೆದುಕೊಂಡು ಒಳಗೆ ಹೋಯಿತು. ಬಲದ್ದು ಸೈಕಲ್ ಪಂಪಿನ ಹಾಗೆ ಪುಸ್ ಅಂದಿತು. ಒಳಗೆ ಅರ್ಧವೂ ಆಯಿಲ್ ಇಲ್ಲ. ಕೆಳಗಿನ ಓ ರಿಂಗ್ (ಆಯಿಲ್ ಸೋರದಂತೆ ಹಿಡಿಯುವ ರಬ್ಬರ್ ಬಳೆ) ತುಂಡಾಗಿ, ಸಂದಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

ಮನೆಯಲ್ಲಿ ಬೈಕಿನ ಫೋರ್ಕ್ ಆಯಿಲ್ ಇದೆ. ಹಾಕಬಹುದಾ?

ಸ್ಕ್ರೂಡ್ರೈವರ್ ಸುಮಾ:
ಬೇಡ. ಅದು ಸಿಲಿಕೋನ್ ಆಯಿಲ್ ಅಲ್ಲ, ಕೆಲವು ಬಗೆಯ ಓ ರಿಂಗ್ ಅದರಲ್ಲಿ ಊದಿಕೊಳ್ಳುತ್ತವೆ. ಬಾಟಲಿ ಮೇಲಿನ ವೆಯ್ಟ್ ನಂಬರನ್ನೂ ನಂಬಬೇಡಿ, ಒಂದು ಕಂಪನಿಯ 30 ಇನ್ನೊಂದರ 30ಕ್ಕೆ ಸರಿಹೊಂದುವುದಿಲ್ಲ. ಸಿಎಸ್‌ಟಿ ಅಂಕಿ ನೋಡಿ ಕೊಳ್ಳಿ. ಎಡದ್ದನ್ನೂ ಖಾಲಿ ಮಾಡಿ ಎರಡಕ್ಕೂ ಒಂದೇ ಬಾಟಲಿಯದು ತುಂಬಿ. ಪಿಸ್ಟನ್ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಮೇಲೆ ಬಂದು ಒಡೆಯುವವರೆಗೆ ನಿಲ್ಲಿಸಿಡಿ. ಆಮೇಲೆ ಮುಚ್ಚಳ. ಅವಸರ ಮಾಡಿದರೆ ಮತ್ತೆ ಪುಸ್.

ಪಿನಿಯನ್ ಗೌಡ:
ಶಾಕ್ ಒಪ್ಪಿದೆ. ಆದರೂ ಬಲ ತಿರುವಿನಲ್ಲಿ ಜಾರುತ್ತೆ ಅಂತ ಅವರೇ ಬರೆದಿದ್ದಾರೆ. ಅದಕ್ಕೇನಂತೀರಿ?

ಸ್ಕ್ರೂಡ್ರೈವರ್ ಸುಮಾ:
3ಎಸ್ ಹಾಕಿದ ಟೂ ವೀಲ್ ಡ್ರೈವ್ ಧೂಳಲ್ಲಿ ಜಾರದೆ ಇರುತ್ತಾ ಗೌಡ್ರೇ? ಬೆರಳು ಮೆತ್ತಗೆ ಒತ್ತಬೇಕು. ಇಲ್ಲಾಂದ್ರೆ ರಿಮೋಟ್‌ನಲ್ಲಿ ಥ್ರಾಟಲ್ ಮಿತಿ ಶೇಕಡಾ 70ಕ್ಕೆ ಇಳಿಸಲಿ.

ಕೆಂಗೇರಿ ಧೂಳು:
ಎರಡೂ ಶಾಕ್ ತುಂಬಿ ಇವತ್ತು ಓಡಿಸಿದೆ. ಎಡಕ್ಕೂ ಬಲಕ್ಕೂ ಈಗ ಒಂದೇ ಥರ ಜಾರುತ್ತದೆ, ಹಿಡಿಯಬಹುದು. ಇಪ್ಪತ್ತು ಸುತ್ತಿನಲ್ಲಿ ಎರಡೇ ಸಲ ತಿರುಗಿತು, ಎರಡೂ ನನ್ನ ಬೆರಳಿನ ತಪ್ಪು.

ಗೌಡ್ರೇ, ನಿಮ್ಮ ಮಾತು ಕೇಳಿ ಮೊದಲ ದಿನವೇ 10,000ದ ಬಾಟಲಿ ಆರ್ಡರ್ ಮಾಡಿಬಿಟ್ಟಿದ್ದೆ, ನಿನ್ನೆ ಬಂತು. ಡಿಫ್ ಬಿಚ್ಚಿ ನೋಡಿದರೆ ಗ್ರೀಸ್‌ನದು. ಮುಂದಿನ ವಾರ ನಿಮ್ಮ ಸಿಮೆಂಟ್ ನೆಲಕ್ಕೆ ಬರುವಾಗ ತರ್ತೀನಿ, ನೀವೇ ಇಟ್ಟುಕೊಳ್ಳಿ.

ಪಿನಿಯನ್ ಗೌಡ:
ತನ್ನಿ. ಕಾಫಿ ನಂದು.