ರಾತ್ರಿ ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಂಡು ಮಲಗಿದರೆ ನಿದ್ದೆ ಕೆಡುತ್ತದೆಯೇ?

ಪ್ರಶ್ನೆ

ನನಗೆ 46 ವರ್ಷ. ನಾಲ್ಕು ತಿಂಗಳ ಹಿಂದಿನವರೆಗೂ ದಿಂಬಿಗೆ ತಲೆ ಕೊಟ್ಟರೆ ಸಾಕು, ಕಣ್ಣು ಹತ್ತುತ್ತಿತ್ತು. ಹೆಜ್ಜೆ ಎಣಿಸಲೆಂದು ಬ್ಯಾಂಡ್ ಕೊಂಡೆ; ರಾತ್ರಿಯೂ ಬಿಚ್ಚದೆ ಮಲಗುವುದು ರೂಢಿಯಾಯಿತು. ಈಗ ಮೂರು ಗಂಟೆಗೆ ಎಚ್ಚರವಾಗುತ್ತದೆ. ಹೊದಿಕೆಯೊಳಗೆ ಮಣಿಕಟ್ಟಿನ ಅಡಿಯಲ್ಲಿ ಹಸಿರು ಬೆಳಕು ಮಿನುಗುತ್ತಿರುತ್ತದೆ, ಮಗ್ಗುಲು ಬದಲಿಸಿದರೆ ಪರದೆಯೂ ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಮೊಬೈಲ್ ತೆಗೆದು ನೋಡುತ್ತೇನೆ: ಗಾಢ ನಿದ್ರೆ 38 ನಿಮಿಷ, ಅಂಕ 61. ಅಲ್ಲಿಯವರೆಗೆ ಹಗುರವಾಗಿದ್ದ ಮೈ ಅದನ್ನು ಓದಿದ ಕೂಡಲೇ ಭಾರವಾಗುತ್ತದೆ. ಆ ಬೆಳಕಿನಿಂದಲೋ ರೇಡಿಯೊ ಅಲೆಗಳಿಂದಲೋ ನನ್ನ ನಿದ್ದೆ ಕೆಡುತ್ತಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಹಸಿರು ಬೆಳಕು ನಾಡಿ ಎಣಿಸಲು. ರಕ್ತವು ಹಸಿರನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮರಳಿ ಬರುವ ಬೆಳಕಿನಲ್ಲಿ ಆಗುವ ಏರಿಳಿತವನ್ನು ಬ್ಯಾಂಡ್ ಅಳೆಯುತ್ತದೆ. ಅದು ಚರ್ಮದ ಕಡೆಗೇ ಮುಖಮಾಡಿರುವುದರಿಂದ ಕಣ್ಣಿಗೆ ತಲುಪುವುದು ಅತ್ಯಲ್ಪ. ಬ್ಲೂಟೂತ್ ಹೊಮ್ಮಿಸುವ ಶಕ್ತಿಯೂ ಮೊಬೈಲ್ ಕರೆಗಿಂತ ಎಷ್ಟೋ ಕಡಿಮೆ. ಆದರೆ ಪರದೆ ಹೊತ್ತಿಕೊಳ್ಳುವುದು ಮತ್ತು ಸಂದೇಶ ಬಂದಾಗ ಬ್ಯಾಂಡ್ ನಡುಗುವುದು ನಿಜವಾಗಿಯೂ ಎಬ್ಬಿಸಬಲ್ಲವು. ಎರಡನ್ನೂ ರಾತ್ರಿಯ ಮಟ್ಟಿಗೆ ನಿಲ್ಲಿಸಿ. ಪಟ್ಟಿ ಬಿಗಿಯಾಗಿದ್ದರೆ ಒಂದು ತೂತು ಸಡಿಲಿಸಿ; ಒದ್ದೆ ಉಳಿದರೆ ಚರ್ಮ ಕೆರೆಯುತ್ತದೆ.

ಉತ್ತರ 2

ಎರಡು ವರ್ಷದ ಹಿಂದೆ ಗೊರಕೆಯ ಕಾರಣಕ್ಕೆ ನಾನು ಒಂದು ರಾತ್ರಿ ನಿದ್ರಾ ಪರೀಕ್ಷೆಗೆ ಒಳಗಾದೆ. ನೆತ್ತಿಯ ಮೇಲೆ, ಕಣ್ಣಿನ ಪಕ್ಕದಲ್ಲಿ, ಗದ್ದದ ಮೇಲೆ ತಂತಿಗಳು. ಮಿದುಳಿನ ಅಲೆ, ಕಣ್ಣುಗುಡ್ಡೆಯ ಚಲನೆ, ಸ್ನಾಯುವಿನ ಬಿಗಿತ ಮೂರನ್ನೂ ಕೂಡಿಸಿ ನೋಡಿದ ಮೇಲೆಯೇ ಗಾಢ ನಿದ್ರೆ ಯಾವುದು, ಕನಸಿನ ನಿದ್ರೆ ಯಾವುದು ಎಂದು ಅಲ್ಲಿ ಗುರುತಿಸುತ್ತಾರೆ. ನಿಮ್ಮ ಬ್ಯಾಂಡಿಗೆ ತಿಳಿಯುವುದು ಕೈಯ ಅಲುಗಾಟ ಮತ್ತು ನಾಡಿ. ಉಳಿದದ್ದೆಲ್ಲ ಅದರ ಊಹೆ. ಕಣ್ಣು ಬಿಟ್ಟುಕೊಂಡು ಅಲುಗದೆ ಮಲಗಿದ್ದರೂ ನಿದ್ದೆಯೆಂದೇ ಬರೆದುಕೊಳ್ಳಬಹುದು. ಆದ್ದರಿಂದ ಆ 38 ನಿಮಿಷಕ್ಕೆ ದಯವಿಟ್ಟು ಹೆದರಬೇಡಿ.

ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಓದಿದ ಕೂಡಲೇ ಭಾರವಾಗುತ್ತದೆ’ ಎಂಬ ಮಾತು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ‘ನಿಮಗೆ ಕನಸಿನ ನಿದ್ರೆ ಕಡಿಮೆಯಾಗಿದೆ’ ಎಂದು ಸುಮ್ಮನೆ ಹೇಳಿದರು. ಅವರು ನಿಜವಾಗಿ ಹೇಗೆ ಮಲಗಿದ್ದರೆಂಬುದು ಲೆಕ್ಕಕ್ಕೇ ಬರಲಿಲ್ಲ. ಆ ಮಾತು ಕೇಳಿದವರು ಗಮನದ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ನಿದ್ದೆಯ ಅಂಕಿಗಳನ್ನು ಸರಿಪಡಿಸುವ ಚಿಂತೆಯಲ್ಲಿಯೇ ನಿದ್ದೆಗೆಡುವವರನ್ನು ಕಂಡು 2017ರಲ್ಲಿ ಅಮೆರಿಕದ ಸಂಶೋಧಕರು ಅದಕ್ಕೆ ‘ಆರ್ಥೋಸೋಮ್ನಿಯಾ’ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ರಾತ್ರಿ ಒಂದೆರಡು ಸಲ ಎಚ್ಚರವಾಗುವುದು ಸಹಜ. ಎಚ್ಚರವಾದಾಗ ‘ಅಂಕ ಹೋಯಿತು’ ಎಂದು ಮನಸ್ಸು ಲೆಕ್ಕಕ್ಕೆ ಕೂತರೆ, ಮತ್ತೆ ರೆಪ್ಪೆ ಮುಚ್ಚುವುದು ಹೇಗೆ? ಎರಡು ವಾರ ಬ್ಯಾಂಡ್ ಬಿಚ್ಚಿಟ್ಟು ಮಲಗಿ ನೋಡಿ.

ಉತ್ತರ 3

ನನ್ನ ಅನುಭವ ಬೇರೆ. ಪಾಳಿ ಕೆಲಸ ನನ್ನದು; ಏಳು ಗಂಟೆ ಮಲಗುತ್ತೇನೆ ಎಂದುಕೊಂಡಿದ್ದೆ, ವಾರದ ಸರಾಸರಿ ಐದೂವರೆ ಎಂದು ತೋರಿಸಿದ್ದು ಈ ಬ್ಯಾಂಡೇ. ನಾನು ಮಲಗಿದ ಹೊತ್ತು, ಎದ್ದ ಹೊತ್ತು ಮಾತ್ರ ನೋಡುತ್ತೇನೆ, ಅದೂ ಭಾನುವಾರ. ಒಂದು ಮಾತು: ಜೋರು ಗೊರಕೆ, ಉಸಿರು ಕಟ್ಟಿ ಏಳುವುದು, ಹಗಲು ತೂಕಡಿಕೆ ಇದ್ದರೆ ಬ್ಯಾಂಡ್ ಏನೇ ಹೇಳಲಿ, ವೈದ್ಯರನ್ನು ಕಾಣಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಗೊರಕೆ, ತೂಕಡಿಕೆ ನನಗಿಲ್ಲ. ಎರಡನೆಯ ಉತ್ತರ ಓದುವಾಗ ಕಳೆದ ತಿಂಗಳ ಒಂದು ರಾತ್ರಿ ನೆನಪಾಯಿತು. ಮಗಳಿಗೆ ಜ್ವರ. ಅವಳ ತಲೆ ನನ್ನ ಎಡಗೈ ಮೇಲಿತ್ತು, ಎಚ್ಚರವಾದೀತೆಂದು ಕೈ ಅಲುಗಿಸದೆ ಬೆಳಗಿನವರೆಗೂ ಅವಳ ಉಸಿರನ್ನೇ ಕೇಳುತ್ತಿದ್ದೆ. ಬ್ಯಾಂಡ್ ಇದ್ದದ್ದು ಅದೇ ಕೈಯಲ್ಲಿ. ಬೆಳಿಗ್ಗೆ ಅದು ತೋರಿಸಿದ್ದು 6 ಗಂಟೆ 50 ನಿಮಿಷ, ಅಂಕ 84. ನಾಲ್ಕು ತಿಂಗಳಲ್ಲಿ ನನಗೆ ಬಂದ ಅತಿ ಹೆಚ್ಚಿನ ಅಂಕ. ಆ ದಿನ ನಾನು ಅದನ್ನು ನಂಬಲಿಲ್ಲ, ಉಳಿದ ದಿನ ಯಾಕೆ ನಂಬಿದೆನೋ. ಇವತ್ತು ರಾತ್ರಿಯಿಂದ ಬ್ಯಾಂಡ್ ಹೊರಕೋಣೆಯ ಮೇಜಿನ ಮೇಲಿರುತ್ತದೆ. ಎರಡು ವಾರದ ನಂತರ ಬಂದು ಬರೆಯುತ್ತೇನೆ.