ಸೀ ಅರ್ಚಿನ್ ಕೊಬ್ಬಿನಲ್ಲಿ ಗುರುತು ಸಿಗದ ಪೀಕ್‌ಗಳು, ಯಾರಾದರೂ ನೋಡಿದ್ದೀರಾ?

ಕುಂಬಳೆ ಹುಡುಗಿ:
ಎಂಎಸ್ಸಿ ಪ್ರಾಜೆಕ್ಟಿಗೆ ಸೀ ಅರ್ಚಿನ್‌ನ (ಮೈತುಂಬ ಮುಳ್ಳಿರುವ ಕಡಲ ಜೀವಿ) ಮೊಟ್ಟೆ ಭಾಗದ ಕೊಬ್ಬು ತೆಗೆದು, ಅದರ ಆಮ್ಲಗಳು ಸುಲಭವಾಗಿ ಆವಿಯಾಗಲೆಂದು ಮೀಥೈಲ್ ಎಸ್ಟರ್ ಮಾಡಿ, ಜಿಸಿಗೆ (ಆಮ್ಲಗಳನ್ನು ಬೇರ್ಪಡಿಸಿ ಒಂದೊಂದನ್ನೂ ಒಂದು ಪೀಕ್ ಆಗಿ ತೋರಿಸುವ ಯಂತ್ರ) ಹಾಕಿದೆ. ಅಭ್ಯಾಸಕ್ಕೆಂದು ಮೊದಲು ಮನೆಯ ತೆಂಗಿನೆಣ್ಣೆ ಹಾಕಿದ್ದೆ. ಅದು ಎಷ್ಟು ಸುಲಭ! ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, 12 ಕಾರ್ಬನ್ನಿನ ಒಂದು ದೊಡ್ಡ ಪೀಕ್. ಇಲ್ಲಿ ನೋಡಿದರೆ ಕಾಡು. ಮಾಮೂಲಿ ಕೊಬ್ಬಿನಾಮ್ಲಗಳಾದ ಇಪಿಎ, ಅರಾಕಿಡೋನಿಕ್ ಸಿಕ್ಕಿದವು. ಆದರೆ ಹೋಲಿಕೆಗೆ ಹಾಕುವ ಸ್ಟಾಂಡರ್ಡಿನ 20:2ಗಿಂತ (20 ಕಾರ್ಬನ್, 2 ಜೋಡಿ ಬಂಧ) ತುಸು ಮೊದಲೇ ಇನ್ನೆರಡು ಪೀಕ್ ಬರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಣುವಿನ ತೂಕ ನೋಡಿದರೆ ಅವೂ 20:2ರಂತೆ 322. 20:1ಗಿಂತ ಮೊದಲೂ ಅಂಥದ್ದೇ ಒಂದು. ಮೂರು ಸಲ ಮಾಡಿದೆ, ಹಾಗೇ ಬಂತು. ‘ಏನೋ ಕೊಳಕು, ಬಿಡು’ ಅಂದರು ಲ್ಯಾಬಿನಲ್ಲಿ. ಬಿಡಲು ಮನಸ್ಸಿಲ್ಲ.

ಹಳೇ ಜಿಸಿ:
ಕೊಳಕಲ್ಲ ತಂಗಿ, ಅದೇ ಸೀ ಅರ್ಚಿನ್‌ನ ಗುರುತು. ಮಾಮೂಲಿ 20:2ರಲ್ಲಿ ಜೋಡಿ ಬಂಧ 11 ಮತ್ತು 14ನೇ ಕಾರ್ಬನ್ನಿನಲ್ಲಿ, ನಡುವೆ ಒಂದೇ ಕಾರ್ಬನ್. ನಿನ್ನವು 5,11 ಮತ್ತು 5,13 ಇರಬೇಕು. ನಡುವೆ ನಾಲ್ಕು, ಆರು ಕಾರ್ಬನ್ ಖಾಲಿ. 20:1 ಅಂದದ್ದು 5ರಲ್ಲಿ ಮಾತ್ರ ಬಂಧ ಇರುವುದು.

ಯಾಕೆ 5? ಅರಾಕಿಡೋನಿಕ್‌ನ ಬಂಧಗಳು 5, 8, 11, 14. ಅದರಲ್ಲಿ ಕೊನೆಗೆ ಹಾಕುವುದು 5ನೆಯದು. ಅದಕ್ಕೊಂದು ಕಿಣ್ವ ಇದೆ. ಸೀ ಅರ್ಚಿನ್‌ನಲ್ಲಿ ಆ ಕಿಣ್ವ 8ರಲ್ಲಿ ಬಂಧ ಇದೆಯಾ ಎಂದು ಕಾಯುವುದಿಲ್ಲ. 20 ಕಾರ್ಬನ್ನಿನ ಸರಪಳಿ ಸಿಕ್ಕಿದರೆ ಸಾಕು, 5ರಲ್ಲಿ ಒಂದು ಬಂಧ ಕೂರಿಸುತ್ತದೆ. 11ರಲ್ಲಿ ಬಂಧ ಇದ್ದದ್ದು 5,11 ಆಗುತ್ತದೆ, 13ರದ್ದು 5,13. ಏನೂ ಇಲ್ಲದ 20:0 ಬರೀ 5 ಆಗುತ್ತದೆ. ನಿನ್ನ ಮೂರೂ ಪೀಕ್ ಬಂತಲ್ವಾ?

ಆದರೆ ಮೀಥೈಲ್ ಎಸ್ಟರ್ ನಂಬಿ ಬರೆಯಬೇಡ. ಮಾಸ್ ಯಂತ್ರದ ಒಳಗೆ ಜೋಡಿ ಬಂಧ ಜಾಗ ಬಿಟ್ಟು ಓಡಾಡುತ್ತದೆ. ಎಸ್ಟರ್ ಬದಲು ಡಿಎಂಒಎಕ್ಸ್ (ಬಂಧವನ್ನು ಇದ್ದ ಜಾಗದಲ್ಲೇ ಉಳಿಸುವ ರೂಪ) ಮಾಡಿ ಹಾಕು. ತುಂಡುಗಳಲ್ಲಿ 153 ತೂಕದ್ದು ಎದ್ದು ಕಂಡರೆ 5ರ ಬಂಧ ಖಚಿತ.

ಪಡನ್ನದವ:
ಪಚ್ಚಿಲೆಯಲ್ಲೂ (ಕಡಲ ಚಿಪ್ಪುಜೀವಿ, ಮಸಲ್) ಇದರ ಅಣ್ಣತಮ್ಮಂದಿರು ಇವೆ. ಸರಪಳಿಗೆ ಎರಡು ಕಾರ್ಬನ್ ಸೇರಿ 22:2 ಆಗಿರುತ್ತದೆ, ಬಂಧ 7,13 ಮತ್ತು 7,15. ನಮ್ಮ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವುದೂ ಅದನ್ನೇ. ಹೋಲಿಸಿ ನೋಡಬಹುದು.

ಕುಂಬಳೆ ಹುಡುಗಿ:
153 ಬಂತು ಸರ್! ಮೂರರಲ್ಲೂ. ಅಮ್ಮ ಭಾನುವಾರ ಪಚ್ಚಿಲೆ ಪುಂಡಿ ಮಾಡುತ್ತಾರೆ. ಹತ್ತು ಪಚ್ಚಿಲೆ ಈಗಲೇ ತೆಗೆದಿಡಲು ಹೇಳಿದ್ದೇನೆ.