ಅಪ್‌ಡೇಟ್: ಹಳೇ ಜಿ.ಐ. ಜೋ ಬೊಂಬೆಗಳ ರೇಟ್ ವಿಷಯ

ಹೋದ ಸಲ ಕೇಳಿದ್ದೆ ಅಲ್ವಾ, ಆನ್‌ಲೈನಲ್ಲಿ ಒಬ್ರು ನಾಲ್ಕು ಹಳೇ ಫನ್‌ಸ್ಕೂಲ್ (ನಮ್ಮ ದೇಶದ ಆಟಿಕೆ ಕಂಪನಿ) ಜಿ.ಐ. ಜೋ ಸೈನಿಕ ಬೊಂಬೆಗಳಿಗೆ 6,000 ರೂಪಾಯಿ ಹೇಳ್ತಿದ್ದಾರೆ, ತಗೊಳ್ಬಹುದಾ ಅಂತ. ತಗೊಂಡೆ ಮಾರಾಯ್ರೆ, ಆದ್ರೆ 3,500ಕ್ಕೆ!

ನಿಮ್ಮಲ್ಲಿ ಒಬ್ರು ಹೇಳಿದ ಹಾಗೆ ಈಬೇ ಅನ್ನುವ ಮಾರಾಟದ ಸೈಟಲ್ಲಿ ಮಾರಾಟ ಆದದ್ದು ಮಾತ್ರ ಕಾಣುವ ಫಿಲ್ಟರ್ ಹಾಕಿ ನೋಡಿದ್ರೆ ಲೆಕ್ಕವೇ ಬೇರೆ, ಕೇಳುವ ರೇಟ್ ಯಾರು ಎಷ್ಟು ಬೇಕಾದ್ರೂ ಹಾಕ್ಬಹುದು, ಬಂದರಲ್ಲಿ ಬೆಳಿಗ್ಗೆ ಹೇಳುವ ಬಂಗುಡೆ ರೇಟಿನ ಹಾಗೆ, ದುಡ್ಡು ಕೈ ಬದಲಾದದ್ದೇ ನಿಜವಾದ ರೇಟ್. ಮತ್ತೆ ಮಾರುವವರು 1985ರ ಪೀಸ್ ಅಂತ ಹೇಳ್ತಿದ್ರು, ಬೆನ್ನಲ್ಲಿ ಆ ಇಸವಿ ಉಂಟು ಹೌದು, ಆದ್ರೆ ಅದು ಈ ಬೊಂಬೆ ಮೊದಲು ಮಾಡಿದ ಅಮೆರಿಕದ ಹ್ಯಾಸ್ಬ್ರೋ ಕಂಪನಿಯ ಕಾಪಿರೈಟ್ ಇಸವಿ, ಫನ್‌ಸ್ಕೂಲ್ ಕಂಪನಿ ಹುಟ್ಟಿದ್ದೇ 1987ರಲ್ಲಿ. ಅದನ್ನು ಹೇಳಿ, ಹೆಬ್ಬೆರಳು ಮತ್ತೆ ಎರಡು ಕಾಲಿನ ನಡುವಿನ ಪ್ಲಾಸ್ಟಿಕ್ಕಿನ ಹತ್ತಿರದ ಫೋಟೋ ಕೇಳಿದೆ (ಮುರಿಯೋದು ಹೆಚ್ಚಾಗಿ ಅಲ್ಲೇ), ಒಂದರ ಹೆಬ್ಬೆರಳು ಹೋಗಿತ್ತು, ಎರಡಕ್ಕೆ ಗನ್ನೇ ಇಲ್ಲ, ಆಗ ಇಳಿದ್ರು.

ಸೊಂಟ ಲೂಸ್ ಇದ್ದದ್ದಕ್ಕೆ ನಾನು ಚರ್ಚೆ ಮಾಡ್ಲಿಲ್ಲ, ಒಳಗೆ ಮೈ ಮತ್ತೆ ಕಾಲನ್ನು ಹಿಡಿದಿಡುವ ಓ-ರಿಂಗ್ ಅನ್ನುವ ರಬ್ಬರ್ ಬಳೆ ಹಳತಾದ್ರೆ ಹಾಗೇ, ಬೆನ್ನಿನ ಸ್ಕ್ರೂ ಬಿಚ್ಚಿ ಬದಲಾಯಿಸ್ಬಹುದು, ಮಂಗಳೂರಿನ ಹಂಪನಕಟ್ಟೆ ಹತ್ರ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಕ್ತು. ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್, ಗನ್ ಒರಿಜಿನಲ್ ಯಾರ ಹತ್ರವಾದ್ರೂ ಇದ್ರೆ ತಿಳಿಸಿ, ಡೂಪ್ಲಿಕೇಟ್ ಬೇಡ.